ರಾಣಿಯ ಧ್ವನಿಗೊಂದು ಮುಖ

ಥಾಣೆಯ ನಮ್ಮ ಕೋಪರಿಯಲ್ಲಿ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ದಮಯಂತಿ ಆಂಟಿ ರೋಗಿಗಳ ಹೆಸರು ಕರೆದರೆ ಅಳುತ್ತಿರುವ ಮಕ್ಕಳು ತಟ್ಟನೆ ಸುಮ್ಮನಾಗುತ್ತವೆ. ಇದು ಉತ್ಪ್ರೇಕ್ಷೆಯಲ್ಲ. ಹಾಗೆ ಸುಮ್ಮನಾದ ಮಕ್ಕಳಲ್ಲಿ ನಾನೂ ಒಬ್ಬಳು. "ಪ್ರೇಕ್ಷಾ, ಒಳಗೆ ಬಾ" ಎಂದು ಅವರು ಕರೆದಾಗ ಹಲ್ಲು ಕೀಳಿಸಿಕೊಳ್ಳಲು ಹೋಗುತ್ತಿದ್ದೇನೆ ಅನ್ನಿಸಿರಲಿಲ್ಲ, ಯಾವುದೋ ಅರಮನೆಗೆ ನನ್ನನ್ನು ಬರಮಾಡಿಕೊಳ್ಳುತ್ತಿದ್ದಾರೆ ಅನ್ನಿಸಿತ್ತು. ಆದರೆ ಕರೆದವರು ಯಾರೆಂದು ನೋಡಿದರೆ ಕೌಂಟರಿನ ಮೇಲೆ ಒಂದು ಕೂದಲಿನ ಗಂಟು ಮಾತ್ರ ಕಾಣುತ್ತಿತ್ತು. ಆಂಟಿ ಅಷ್ಟು ಗಿಡ್ಡ. ಈಗ ನನ್ನ ಭುಜದವರೆಗೆ ಬರುತ್ತಾರೆ, ಅದೂ ಚಪ್ಪಲಿ ಹಾಕಿಕೊಂಡಾಗ.

ಅವರು "ರೇಡಿಯೋದಲ್ಲಿ ಮಾಡ್ತಾರೆ" ಎಂದು ಅಮ್ಮ ಹೇಳುತ್ತಿದ್ದರು. ಏನು ಮಾಡುತ್ತಾರೆ ಎಂದು ನಾನು ಕೇಳಿಯೇ ಇರಲಿಲ್ಲ. ಕಳೆದ ವರ್ಷ ಕಾಲೇಜಿನಲ್ಲಿ ಒಂದು ಆಡಿಯೋ ಪ್ರಾಜೆಕ್ಟ್ ಕೊಟ್ಟರು. ಮೊಬೈಲ್ ಹಿಡಿದುಕೊಂಡು ಅವರ ಅಡುಗೆಮನೆಗೆ ಹೋದೆ. ಆಂಟಿ ನೀರುದೋಸೆ ಹೊಯ್ಯುತ್ತಿದ್ದರು. "ಏನಾದ್ರೂ ಒಂದು ಮಾಡಿ ತೋರಿಸಿ ಆಂಟಿ" ಅಂದೆ. ಅವರು ಕಾವಲಿಗೆ ಮುಚ್ಚಳ ಮುಚ್ಚಿ, ಅಲ್ಲೇ ನಿಂತು, ಮೊದಲು ಒಬ್ಬ ರಾಣಿಯಾದರು. ಆಮೇಲೆ ಆ ರಾಣಿಯ ಹಲ್ಲಿಲ್ಲದ ದಾಸಿ, ಆಮೇಲೆ ಓಡುತ್ತ ಬಂದು ಏದುಸಿರು ಬಿಡುವ ಒಬ್ಬ ಹುಡುಗ. ಮೂವರೂ ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು ಜಗಳವಾಡಿದರು. ನಾನು ನಿಜವಾಗಿ ಹಿಂದೆ ತಿರುಗಿ ನೋಡಿದೆ, ಬಾಗಿಲಲ್ಲಿ ಯಾರಾದರೂ ಬಂದರೇನೋ ಎಂದು. ದೋಸೆ ಒಂಚೂರೂ ಸೀಯಲಿಲ್ಲ!

ಅವತ್ತಿನಿಂದ ನಾನು ಅವರ ಬಾಲ.

ಕಾರ್ಕಳದ ಕಡೆಯಿಂದ ಮದುವೆಯಾಗಿ ಥಾಣೆಗೆ ಬಂದ ಹೊಸತರಲ್ಲಿ ಆಂಟಿಗೆ ಇಲ್ಲಿ ಮಾತಾಡಲು ಯಾರೂ ಇರಲಿಲ್ಲವಂತೆ. ರೇಡಿಯೋದಲ್ಲಿ ಕನ್ನಡ ನಾಟಕಕ್ಕೆ ಧ್ವನಿ ಪರೀಕ್ಷೆ ಇದೆ ಎಂದು ಕೇಳಿ ಹೋದರು, ಆಯ್ಕೆಯಾದರು. ಅಲ್ಲಿಂದ ಇಲ್ಲಿಯವರೆಗೆ ಹಳೆಯ ದೊಡ್ಡ ನಾಟಕಗಳು ರೇಡಿಯೋಗೆ ಬಂದಾಗಲೆಲ್ಲ ರಾಣಿ ಇದ್ದರೆ ಅದು ದಮಯಂತಿ. ಅವರು ಹೇಳುವ ಒಂದೊಂದು ಸಂಗತಿಯೂ ನನಗೆ ಜಾದೂವಿನಂತೆ ಕೇಳಿಸುತ್ತಿತ್ತು. ರೇಷ್ಮೆ ಸೀರೆ ಉಟ್ಟರೆ ಸರಬರ ಸದ್ದು ಮೈಕಿಗೆ ಬೀಳುತ್ತದೆ, ಹಾಗಾಗಿ ರಾಣಿಯಾಗಲು ಹೋಗುವಾಗ ಹಳೆಯ ಹತ್ತಿ ಸೀರೆಯೇ ಆಗಬೇಕು. ಬಳೆ ತೆಗೆಯಲು ಅತ್ತೆ ಬಿಡುತ್ತಿರಲಿಲ್ಲ, ಅದಕ್ಕೆ ಬಳೆಗಳ ಮೇಲೆ ಕರ್ಚೀಫು ಬಿಗಿದು ಕಟ್ಟಿಕೊಳ್ಳುತ್ತಿದ್ದರು. ಓದಿ ಮುಗಿದ ಹಾಳೆಯನ್ನು ಗರಿ ಇಳಿದಂತೆ ಸದ್ದಿಲ್ಲದೆ ಕೆಳಗೆ ಬಿಡಬೇಕು. ನಾವು ಕಾಲೇಜಿನಲ್ಲಿ ಒಂದು ಬಾಗಿಲ ಸದ್ದು ಬೇಕಾದರೆ ಲ್ಯಾಪ್‌ಟಾಪಿನಲ್ಲಿ ಹುಡುಕುತ್ತೇವೆ. ಇವರು ಒಂದು ಉಸಿರಿನಲ್ಲಿ ಇಡೀ ಕೋಟೆ ಕಟ್ಟುತ್ತಾರೆ.

ಆದರೆ ಒಂದು ಮುಳ್ಳು ಅವರ ಒಳಗೆ ಉಳಿದಿತ್ತು. ನಗುತ್ತಲೇ ಹೇಳಿದ್ದರು. ಡೊಂಬಿವಲಿಯ ಒಂದು ಕನ್ನಡ ಸಮಾರಂಭದಲ್ಲಿ ರೇಡಿಯೋ ಕಲಾವಿದರಿಗೆ ಸನ್ಮಾನವಿತ್ತು. ರಾಣಿಯ ಪಾತ್ರದಿಂದ ಮನೆಮಾತಾದ ದಮಯಂತಿಯವರು ಎಂದು ಮೈಕಿನಲ್ಲಿ ಘೋಷಿಸಿದರು. ಶಾಲು ಹಿಡಿದು ಬಂದ ಕಾರ್ಯಕರ್ತ ಸೀದಾ ಹೋಗಿ ಪಕ್ಕದ ಕುರ್ಚಿಯಲ್ಲಿದ್ದ ಎತ್ತರದ, ಬೆಳ್ಳಗಿನ ಹೆಂಗಸಿಗೆ ಹೊದಿಸಿಬಿಟ್ಟ!

"ಮತ್ತೆ ನೀವು ಎಂತ ಮಾಡಿದ್ರಿ?"

"ಎಂತ ಮಾಡುದು? ಚಪ್ಪಾಳೆ ಹೊಡೆದೆ. ಆ ಹೆಂಗಸು ಪಾಪ, ಊಟಕ್ಕೆ ಅಂತ ಬಂದದ್ದು." ಆಂಟಿ ನಕ್ಕರು. ಆಮೇಲೆ, "ನೋಡು ಮಗಾ, ಧ್ವನಿ ಕೇಳಿ ಜನ ಒಂದು ಮುಖ ಮಾಡಿಕೊಳ್ತಾರೆ. ಆ ಮುಖ ನಂದಲ್ಲ. ಒಮ್ಮೆ, ಒಂದೇ ಒಮ್ಮೆ, ಈ ಧ್ವನಿ ಈ ಮುಖದಿಂದ ಬರುದನ್ನು ಜನ ನೋಡ್ಬೇಕು ಅಂತ ನಂಗೆ ಆಸೆ" ಎಂದರು.

ಆ ಒಮ್ಮೆ ಈ ವರ್ಷ ಬಂತು.

ಸಮಿತ್ ಎಂಬ ನಿರ್ದೇಶಕ 'ಉಪ್ಪಿನ ಕೋಟೆ'ಯನ್ನು ಓಟಿಟಿಗಾಗಿ ಸಿನೆಮಾ ಮಾಡುತ್ತಿದ್ದ. ಕಂಪೆನಿ ನಾಟಕಗಳ ಕಾಲದಿಂದ ಬಂದ ನಾಟಕ ಅದು. ಶತ್ರುಗಳು ಕೋಟೆಯನ್ನು ಮುತ್ತಿದ್ದಾರೆ, ಹೆದರಿದ ರಾಜಕುಮಾರ ರಾತ್ರಿ ಗುಟ್ಟಾಗಿ ಹೆಬ್ಬಾಗಿಲು ತೆರೆದು ಶರಣಾಗಲು ಹೊರಟಿದ್ದಾನೆ, ಮುದಿ ರಾಣಿ ಮಗನಿಗೆ ಅಡ್ಡ ನಿಲ್ಲುತ್ತಾಳೆ. ಆಂಟಿ ಇದನ್ನು ರೇಡಿಯೋದಲ್ಲಿ ಮಾಡಿದ್ದರು. ಅದು ಮರುಪ್ರಸಾರವಾದಾಗ ಸಮಿತ್ ಸಾನ್‌ಪಾಡಾ ಸಿಗ್ನಲ್ಲಿನಲ್ಲಿ ಕಾರಿನಲ್ಲಿ ಕೂತು ಕೇಳಿದನಂತೆ. "ಹೋಗುವುದಾದರೆ ನನ್ನನ್ನು ದಾಟಿ ಹೋಗು, ಮಗನೇ!" ಎಂಬ ಆ ಕೂಗು ಕೇಳಿ, ಸಿಗ್ನಲ್ ಬಿಟ್ಟರೂ ಕಾರು ಹೊರಡಿಸಲಿಲ್ಲವಂತೆ. ಹಿಂದಿನ ರಿಕ್ಷಾದವರೆಲ್ಲ ಬೈದರಂತೆ. ಅವನೇ ಹುಡುಕಿಕೊಂಡು ಕೋಪರಿಗೆ ಬಂದ. ಆಂಟಿಯನ್ನು ನೋಡಿ ಒಂದು ಕ್ಷಣ ಅವಾಕ್ಕಾದ, ಅದು ನನಗೆ ಗೊತ್ತಾಯಿತು. ಆದರೂ, "ನೀವೇ ಮಾಡ್ಬೇಕು ಆಂಟಿ, ಸ್ಕ್ರೀನ್ ಮೇಲೆ" ಅಂದ.

ಆಂಟಿಯ ಗಂಡ ದೇವದಾಸ್ ಅಂಕಲ್ ಘೋಡಬಂದರ್ ರಸ್ತೆಯ ಒಂದು ಹೊಟೇಲಿನ ಮ್ಯಾನೇಜರು. ಸುದ್ದಿ ಕೇಳಿ ಗಂಭೀರವಾಗಿ, "ಕ್ಯಾಮರಾದವ್ರಿಗೆ ದೊಡ್ಡ ಲೆನ್ಸ್ ತರ್ಲಿಕ್ಕೆ ಹೇಳು, ನಿನ್ನನ್ನು ಹುಡುಕ್ಬೇಕಲ್ಲ" ಎಂದರು.

"ನೀವು ಸುಮ್ಮನಿರಿ. ಇವತ್ತಿನವರೆಗೆ ಮನೆಯಲ್ಲಿ ನಾನು ಕರೆದದ್ದೇ ನಿಮಗೆ ಕೇಳುದಿಲ್ಲ, ಇನ್ನು ಕಾಣುದು ಹೇಗೆ?"

ಅಂಕಲ್ ಆ ವಾರವಿಡೀ ಹೊಟೇಲಿನ ಗಿರಾಕಿಗಳಿಗೆಲ್ಲ ಅದೇ ಸುದ್ದಿ ಹೇಳುತ್ತಿದ್ದರೆಂದು ಆಮೇಲೆ ತಿಳಿಯಿತು.

ಶೂಟಿಂಗ್ ರಬಾಳೆಯ ಕಾರ್ಖಾನೆ ಪ್ರದೇಶದಲ್ಲಿ, ಹಳೆಯ ಗೋದಾಮಿನೊಳಗೆ. ಆಂಟಿ ಮತ್ತು ನಾನು ಥಾಣೆಯಿಂದ ವಾಶಿ ಲೋಕಲ್ ಹಿಡಿದು ಹೋದೆವು. ಹೊರಗೆ ಲಾರಿಗಳು, ಪೈಪುಗಳು. ಒಳಗೆ ಕಾಲಿಟ್ಟರೆ ಕೋಟೆ! ಥರ್ಮಾಕೋಲಿನ ಕಲ್ಲು ಎಂದು ಗೊತ್ತಿದ್ದರೂ ನಾನು ಮುಟ್ಟಿ ನೋಡಿದೆ. ವೇಷಭೂಷಣದ ಚೆನ್ನಯಣ್ಣ ಆಂಟಿಗೆ ರಾಣಿಯ ನಿಲುವಂಗಿ ತೊಡಿಸಿದರು. ಅದನ್ನು ಯಾರೋ ಎತ್ತರದವರ ಅಂದಾಜಿಗೆ ಮೊದಲೇ ಹೊಲಿದಿಟ್ಟಿದ್ದರು. "ಅಯ್ಯೋ ಅಕ್ಕಾ, ಇದರಲ್ಲಿ ಇನ್ನೊಬ್ರು ನಿಲ್ಬಹುದು" ಎನ್ನುತ್ತ ಅಂಚನ್ನೆಲ್ಲ ಮಡಚಿ ಪಿನ್ನು ಚುಚ್ಚಿದರು.

ಮಗನ ಪಾತ್ರಕ್ಕೆ ಜಯೇಶ್, ಟೀವಿ ಸೀರಿಯಲ್ಲಿನವನು. ಮೊದಲ ಮಾತುಗಳೆಲ್ಲ ಚೆನ್ನಾಗಿ ಹೋದವು. ಆಂಟಿ ಬಾಯಿ ತೆರೆದದ್ದೇ ಲೈಟಿನ ಹುಡುಗರು ಮೊಬೈಲ್ ಕಿಸೆಗಿಟ್ಟರು. ನಾನು ಉಬ್ಬಿ ಹೋದೆ. ಆಮೇಲೆ ಆ ದೊಡ್ಡ ಮಾತು ಬಂತು. ಜಯೇಶ್ ಹೆಬ್ಬಾಗಿಲ ಕಡೆ ನುಗ್ಗಿದ, ಆಂಟಿ ಅಡ್ಡ ನಿಂತರು, "ಹೋಗುವುದಾದರೆ ನನ್ನನ್ನು ದಾಟಿ ಹೋಗು, ಮಗನೇ!" ಎಂದು ಕೂಗಿದರು. ಗೋದಾಮಿನ ತಗಡು ನಡುಗಿತು. ನನ್ನ ತೋಳಿನ ಕೂದಲು ಎದ್ದು ನಿಂತವು.

"ಕಟ್" ಎಂದ ಸಮಿತ್. "ಆಂಟಿ, ಮಸ್ತ್! ಆದ್ರೆ ಮುಖ ಆ ಕಡೆ ಯಾಕೆ ತಿರುಗಿಸಿದ್ರಿ? ಕ್ಯಾಮರಾಗೆ ನಿಮ್ಮ ಕಿವಿ ಮಾತ್ರ ಸಿಕ್ತು."

"ತಿರುಗಿಸಿದ್ನಾ?" ಎಂದರು ಆಂಟಿ.

ಮತ್ತೊಮ್ಮೆ ಮಾಡಿದರು. ಮತ್ತೆ ಅದೇ. ಕೂಗುವ ಕ್ಷಣಕ್ಕೆ ಸರಿಯಾಗಿ ಮುಖ ಬಲಕ್ಕೆ, ಗೋಡೆಯ ಕಡೆಗೆ. ಮಗನಿಗೆ ಹೇಳಬೇಕಾದ ಮಾತನ್ನು ಅಲ್ಲಿ ನಿಂತಿದ್ದ ಫ್ಯಾನಿಗೆ ಹೇಳಿದಂತೆ. ಜಯೇಶ್ ತಮಾಷೆ ಮಾಡಿ ಹಗುರ ಮಾಡಲು ನೋಡಿದ: "ಮೇಡಂ, ಮಗ ನಾನು. ಆ ಫ್ಯಾನ್ ಶರಣಾಗ್ತಾ ಇಲ್ಲ." ಎಲ್ಲರೂ ನಕ್ಕರು, ಆಂಟಿಯೂ ನಕ್ಕರು. ಆದರೆ ಮತ್ತೆ ಮಾಡಿದಾಗಲೂ ಕತ್ತು ತಿರುಗಿತು. ಸಮಿತ್ ನೆಲದಲ್ಲಿ ಗುರುತು ಹಾಕಿದ. ಜಯೇಶನನ್ನೇ ಬಲಕ್ಕೆ ನಿಲ್ಲಿಸಿದ. ಆಗ ಆಂಟಿಯ ಮುಖ ಎಡಕ್ಕೆ ಹೋಯಿತು!

ಸಮಿತ್ ಬಂದು ಆಂಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಒಳ್ಳೆಯ ಹುಡುಗ, ಹೇಳಲು ಅವನಿಗೂ ಕಷ್ಟವಾಗುತ್ತಿತ್ತು. "ಆಂಟಿ, ಗೋದಾಮು ನಮ್ಗೆ ಇವತ್ತೊಂದೇ ದಿನ ಇರೋದು. ಒಂದು ಕೆಲ್ಸ ಮಾಡೋಣ್ವಾ? ಧ್ವನಿ ನಿಮ್ದೇ ಇಡ್ತೀನಿ, ನೀವು ಡಬ್ ಮಾಡಿ. ಟೈಟಲ್‌ನಲ್ಲಿ ಹೆಸರು ದೊಡ್ಡದಾಗಿ ಹಾಕ್ತೀನಿ, ಶಪ್ಪತ್. ಸ್ಕ್ರೀನ್ ಮೇಲೆ ಮಾತ್ರ ರಮಿತಾ ಅಂತ ಒಬ್ರು ನಟಿ. ಕೋಪರ್‌ಖೈರಣೆಯಲ್ಲೇ ಇದ್ದಾರೆ, ಫೋನ್ ಮಾಡಿದ್ರೆ ಬಂದ್ಬಿಡ್ತಾರೆ."

ಆಂಟಿ ಅವನ ತಲೆ ಸವರಿ, "ಮಾಡು ಮಗಾ, ನಿನ್ನ ಕೆಲಸ ನಿಲ್ಲಬಾರ್ದು" ಅಂದರು. ಅಷ್ಟೇ. ಅದೇ ಶಾಲು, ಅದೇ ಪಕ್ಕದ ಕುರ್ಚಿ!

ರಮಿತಾ ಬಂದರು. ಎತ್ತರ, ಚೂಪು ಮೂಗು, ಯಾರು ನೋಡಿದರೂ ರಾಣಿ ಅನ್ನಬೇಕು. ಚೆನ್ನಯಣ್ಣ ಆಂಟಿಯ ನಿಲುವಂಗಿಯಿಂದ ಪಿನ್ನುಗಳನ್ನು ಬಿಚ್ಚಿ ರಮಿತಾಗೆ ತೊಡಿಸಿದರು. ಅಳತೆ ತೆಗೆದು ಹೊಲಿದಂತೆ ಕೂತಿತು. ಆಂಟಿ ತಮ್ಮ ಹತ್ತಿ ಸೀರೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು, "ಆಂಟಿ, ನಿಮ್ಮ ಕತ್ತು ಯಾಕೆ ಹಾಗೆ ತಿರುಗ್ತದೆ?" ಎಂದುಬಿಟ್ಟೆ.

ಅವರು ಲೋಟವನ್ನು ತುಟಿಯ ಹತ್ತಿರ ಹಿಡಿದು ನಿಲ್ಲಿಸಿದರು. ಆಮೇಲೆ ನಗತೊಡಗಿದರು. ಚಹಾ ಚೆಲ್ಲುವಷ್ಟು ನಗು.

"ಅಯ್ಯೋ ದೇವರೇ! ಅದು ನಾನಲ್ಲ ಮಾರಾಯ್ತಿ. ಸಂಗಮೇಶ ಸರ್ ನನ್ನ ಕತ್ತು ಹಿಡಿದು ತಿರುಗಿಸ್ತಾ ಇದ್ದಾರೆ!"

ಸಂಗಮೇಶ ಸರ್ ಎಂದರೆ ಆಂಟಿಗೆ ರೇಡಿಯೋ ನಾಟಕ ಕಲಿಸಿದ ನಿರ್ದೇಶಕರು, ವಿಜಯಪುರದ ಕಡೆಯವರು. ಮೊದಲ ನಾಟಕದಲ್ಲಿ ಆಂಟಿ ಮೈಕಿಗೆ ನೇರವಾಗಿ ಕೂಗಿದಾಗ ರೆಕಾರ್ಡಿಂಗ್ ಕೋಣೆಯಿಂದ ಓಡಿ ಬಂದು, "ಯವ್ವಾ, ಸಿಟ್ಟು ಬಂದ್ರ ಮಕ ಆಕಡೆ ಮಾಡ! ಮೈಕ್ ಹರೀತೈತಿ!" ಎಂದು ರೇಗಿದ್ದರಂತೆ. ನೇರವಾಗಿ ಕೂಗಿದರೆ ಧ್ವನಿ ಒಡೆದು ಕರಕರ ಎನ್ನುತ್ತದೆ. ಹಾಗಾಗಿ ರೇಡಿಯೋದವರು ಕೂಗುವಾಗ ಮೈಕಿನಿಂದ ಮುಖ ಪಕ್ಕಕ್ಕೆ ಹೊರಳಿಸುತ್ತಾರೆ. ಆಂಟಿಗೆ ಅದು ಅಭ್ಯಾಸವಾಗುವವರೆಗೆ ಸರ್ ಹಿಂದೆ ನಿಂತು, ದೊಡ್ಡ ಮಾತು ಬಂದ ಕೂಡಲೇ ಒಂದು ರೂಲುದೊಣ್ಣೆಯಿಂದ ಅವರ ಗಲ್ಲವನ್ನು ಮೆತ್ತಗೆ ಪಕ್ಕಕ್ಕೆ ತಳ್ಳುತ್ತಿದ್ದರಂತೆ. ಅಷ್ಟು ವರ್ಷ, ಅಷ್ಟು ರಾಣಿಯರು, ಅಷ್ಟು ಸಿಟ್ಟು, ಎಲ್ಲವೂ ಪಕ್ಕಕ್ಕೆ ಹೊರಳಿ ಹೊರಳಿ ಈಗ ಮೂಳೆಯಲ್ಲೇ ಕೂತುಬಿಟ್ಟಿದೆ.

"ಹಾಗಾದ್ರೆ ಸಮಿತ್‌ಗೆ ಹೇಳಿ!" ಎಂದೆ.

"ಹೇಳಿದ್ರೆ ಕತ್ತು ನಿಲ್ತದಾ? ಎಂತ ಪ್ರಯೋಜನ?" ಎಂದವರು ಲೋಟದೊಳಗೆ ನೋಡುತ್ತ ಕೂತರು. ತುಟಿ ಅಲ್ಲಾಡುತ್ತಿತ್ತು. ರಾಣಿಯ ಆ ಮಾತನ್ನೇ ಪಿಸುಗುಟ್ಟಿ ನೋಡುತ್ತಿದ್ದಾರೆಂದು ಗೊತ್ತಾಯಿತು, ಆದರೆ ನನಗೆ ಕೇಳಲಿಲ್ಲ. ಕೇಳಿಸಿಕೊಳ್ಳಲು ನಾನು ಬಾಗಿದೆ. ಅವರೂ ಬಾಗಿದ್ದರು! ನಮ್ಮಿಬ್ಬರ ಹಣೆ ಢೀ ಎಂದು ಬಡಿದವು.

ಆಂಟಿ ಹಣೆ ಉಜ್ಜಿಕೊಳ್ಳುತ್ತ ಎದ್ದು ನಿಂತರು. ಸೀದಾ ಸಮಿತ್ ಹತ್ತಿರ ಹೋದರು.

"ಮಗಾ, ಒಂದು ಸಲ ಬೇಕು ನಂಗೆ. ಒಂದೇ. ಕೂಗುದಿಲ್ಲ. ಪಿಸುಮಾತಲ್ಲಿ ಹೇಳ್ತೇನೆ."

ಸಮಿತ್‌ನ ಮುಖ ಸಪ್ಪಗಾಯಿತು. "ಆಂಟಿ, ಆ ಕೂಗಿಗೇ ಅಲ್ವಾ ನಾನು ನಿಮ್ಮನ್ನ ಹುಡುಕ್ಕೊಂಡು ಬಂದಿದ್ದು? ಆ ಮಾತು ಯಾವಾಗ್ಲೂ ಕೂಗೇ. ಎಲ್ರೂ ಹಾಗೇ ಮಾಡಿದ್ದಾರೆ."

"ಗೊತ್ತುಂಟು. ರೇಡಿಯೋದಲ್ಲಿ ಕೂಗಿದ್ರೆ ಮೈಕಿಂದ ದೂರ. ಪಿಸುಗುಟ್ಟಿದ್ರೆ ಮೈಕಿಗೆ ಹತ್ತಿರ, ಉಸಿರು ತಾಗುವಷ್ಟು ಹತ್ತಿರ. ನನ್ನ ಮೈಗೆ ಇವೆರಡೇ ಗೊತ್ತಿರುದು. ಜಯೇಶನನ್ನೇ ಮೈಕ್ ಮಾಡ್ತೇನೆ. ಆಗ್ಲಿಲ್ಲಾಂದ್ರೆ ಡಬ್ಬಿಂಗಿಗೆ ಕೂತ್ಕೊಳ್ತೇನೆ, ಆಮೇಲೆ ಬಾಯಿ ತೆರೆಯುದಿಲ್ಲ."

ಸಮಿತ್ ಗಡಿಯಾರ ನೋಡಿದ. ರಮಿತಾ ನಿಲುವಂಗಿಯಲ್ಲೇ ಮುಂದೆ ಬಂದು, "ಕೊಡಿ ಸರ್ ಒಂದು ಚಾನ್ಸ್. ಅವರ ಮಾತಿಗೆ ನನ್ನ ತುಟಿ ಅಲ್ಲಾಡ್ಸೋದು ನಂಗೇ ಒಂಥರಾ ಆಗ್ತಿದೆ" ಎಂದರು.

ಅಂಗಿ ಬದಲಿಸಲು ಸಮಯವಿರಲಿಲ್ಲ. ಆಂಟಿ ಹಾಗೆಯೇ, ಮನೆಯಿಂದ ಉಟ್ಟು ಬಂದ ಸೀರೆಯಲ್ಲಿ, ಥರ್ಮಾಕೋಲಿನ ಹೆಬ್ಬಾಗಿಲ ಮುಂದೆ ನಿಂತರು. ಹೊರಗೆ ಲಾರಿಯೊಂದು ರಿವರ್ಸ್ ಬರುತ್ತಿತ್ತು, ಅದರ ಪೀಂ ಪೀಂ ನಿಲ್ಲುವವರೆಗೆ ಎಲ್ಲರೂ ಕಾದೆವು. ನಾನು ಉಗುರು ಕಚ್ಚುತ್ತಿದ್ದೆ.

"ಆ್ಯಕ್ಷನ್."

ಜಯೇಶ್ ನುಗ್ಗಿ ಬಂದ. ಆಂಟಿ ಅಡ್ಡ ನಿಂತರು. ಅವನು ಅವರ ಭುಜ ಹಿಡಿದು ಪಕ್ಕಕ್ಕೆ ಸರಿಸಲು ನೋಡಿದ. ಆಂಟಿ ಕೈ ಎತ್ತಿ ಅವನ ಕುತ್ತಿಗೆಗೆ ಹಾಕಿ ಕೆಳಗೆ ಎಳೆದರು, ನೆಗಡಿಯಾದ ಮಗುವಿನ ಮೂಗು ಒರೆಸಲು ತಾಯಿ ಎಳೆದುಕೊಳ್ಳುವ ಹಾಗೆ. ಅಷ್ಟೆತ್ತರದ ಜಯೇಶ್ ಬಾಗಿದ. ಮುಖಕ್ಕೆ ಮುಖ. ಆಂಟಿಯ ಕಣ್ಣು ಅವನ ಕಣ್ಣನ್ನು ಬಿಡಲಿಲ್ಲ.

"ಹೋಗುವುದಾದರೆ," ಎಂದರು. ಅದು ಧ್ವನಿಯೋ ಉಸಿರೋ ಹೇಳುವುದು ಕಷ್ಟ. "ನನ್ನನ್ನು ದಾಟಿ ಹೋಗು." ಆಮೇಲೆ ಒಂದು ಮೌನ. ಆ ಮೌನದಲ್ಲಿ ಅವನನ್ನು ಹೆತ್ತದ್ದು, ಬೆಳೆಸಿದ್ದು, ಈಗ ಕಳೆದುಕೊಳ್ಳುತ್ತಿರುವುದು ಎಲ್ಲವೂ ಅವರ ಮುಖದ ಮೇಲೆ ಹಾದುಹೋಯಿತು. ನಾನು ಕಣ್ಣಾರೆ ಕಂಡೆ. ಆ ಪುಟ್ಟ, ಕಪ್ಪು, ದುಂಡು ಮುಖದ ಮೇಲೆ. "ಮಗನೇ."

ಮೂಲೆಯಲ್ಲಿ ನಿಂತಿದ್ದ ನನಗೂ ಒಂದೊಂದು ಅಕ್ಷರ ಕೇಳಿಸಿತು. ಪಿಸುಮಾತು ಅಷ್ಟು ದೂರ ಹೇಗೆ ಬರುತ್ತದೆಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಈಗ ಜಯೇಶ್ ಮಾತಾಡಬೇಕು. ಬಾಗಿದವನು ಬಾಗಿಯೇ ಇದ್ದ. ಅವನ ಮೂಗಿನ ತುದಿಯಿಂದ ಒಂದು ಹನಿ ಆಂಟಿಯ ಸೆರಗಿನ ಮೇಲೆ ಬಿತ್ತು. ಸಮಿತ್ ಕಟ್ ಹೇಳುವುದನ್ನೇ ಮರೆತಿದ್ದ. ಕೊನೆಗೆ ಕ್ಯಾಮರಾದವನೇ ಕಟ್ ಮಾಡಲೇ ಎಂದು ಮರಾಠಿಯಲ್ಲಿ ಕೇಳಿದ, "ಸರ್, ಕಟ್ ಕರೂ ಕಾ?"

"ಮೇಡಂ," ಜಯೇಶ್ ಮೂಗು ಒರೆಸಿಕೊಳ್ಳುತ್ತ ಹೇಳಿದ, "ಇಲ್ಲಿ ನಂಗೂ ಒಂದು ಡೈಲಾಗ್ ಇತ್ತಲ್ವಾ? ಏನದು?"

ಎಲ್ಲರೂ ಒಟ್ಟಿಗೆ ನಕ್ಕರು, ಒಟ್ಟಿಗೆ ಚಪ್ಪಾಳೆ ಹೊಡೆದರು, ಲೈಟಿನ ಹುಡುಗನೊಬ್ಬ ಸೀಟಿ ಹೊಡೆದ. ನಾನು ಅಳುತ್ತಿದ್ದೆನೋ ಕುಣಿಯುತ್ತಿದ್ದೆನೋ ನನಗೇ ತಿಳಿಯದು.

ಸಮಿತ್ ಆಂಟಿಯನ್ನು ಕೈಹಿಡಿದು ಮಾನಿಟರಿನ ಮುಂದೆ ಕೂರಿಸಿದ. ಆ ಶಾಟನ್ನು ಮತ್ತೆ ಹಾಕಿದ. ಆಂಟಿ ಅಭ್ಯಾಸಬಲದಿಂದ ಕಣ್ಣು ಮುಚ್ಚಿ, ತಲೆ ವಾಲಿಸಿ ಕೇಳತೊಡಗಿದರು.

"ಆಂಟಿ! ಕಣ್ಣು ಬಿಡಿ, ನೋಡಿ!"

"ತಡಿ ಮಾರಾಯ, ಮೊದ್ಲು ಕೇಳ್ತೇನೆ." ಪೂರ್ತಿ ಕೇಳಿದರು. "ಹ್ಞಾಂ, ಮಾತು ಸರಿ ಬಂದಿದೆ. ಈಗ ಇನ್ನೊಮ್ಮೆ ಹಾಕು, ಮುಖ ನೋಡುವಾ."

ಸಮಿತ್ ಮತ್ತೆ ಹಾಕಿದ. ಈ ಸಲ ಆಂಟಿ ರೆಪ್ಪೆ ಬಡಿಯಲಿಲ್ಲ. ಪರದೆಯ ಮೇಲಿನ ರಾಣಿ ಮಗನ ಕುತ್ತಿಗೆ ಎಳೆದಾಗ ಇವರ ಕೈಯೂ ಸ್ವಲ್ಪ ಮೇಲೆದ್ದಿತು. ಮುಗಿದ ಮೇಲೆ ಬಹಳ ಮೆತ್ತಗೆ ನನಗೆ ಹೇಳಿದರು: "ಇಷ್ಟು ಸಣ್ಣ ಮುಖ ಅಲ್ವಾ, ಅಷ್ಟೆಲ್ಲ ಎಲ್ಲಿ ಇಟ್ಕೊಂಡಿತ್ತು ಅಂತ."

"ಇದೇ ಶಾಟ್" ಎಂದ ಸಮಿತ್, ಯಾರಿಗೋ ಹೇಳುವಂತೆ. "ಇದೇ. ಆದ್ರೆ ನಿಲುವಂಗಿ ಹಾಕ್ಕೊಂಡು ಇನ್ನೊಂದು ಸಲ ತಗೋಬೇಕು. ಆಮೇಲೆ ಉಳಿದ ಸೀನ್‌ಗಳು. ಆಗ್ತದಾ ಆಂಟಿ?"

ಆಂಟಿ ಉತ್ತರ ಕೊಡುವ ಮೊದಲೇ ರಮಿತಾ ಪರದೆಯ ಹಿಂದೆ ಹೋಗಿ ನಿಲುವಂಗಿ ಕಳಚಿ ತಂದು ತಾವೇ ಅವರಿಗೆ ತೊಡಿಸಿದರು. ಚೆನ್ನಯಣ್ಣ ನೆಲದ ಮೇಲೆ ಕೂತರು, ಒಂದು ಪಿನ್ನು ತುಟಿಯಲ್ಲಿ ಕಚ್ಚಿಕೊಂಡರು, ಮತ್ತೆ ಉಗುಳಿದರು. ಪೆಟ್ಟಿಗೆಯಿಂದ ದೊಡ್ಡ ಕತ್ತರಿ ತೆಗೆದರು.

"ಸಮಿತ್ ಸರ್, ಪಿನ್ನಲ್ಲಿ ಇಡೀ ಪಿಕ್ಚರ್ ಆಗುದಿಲ್ಲ. ಕತ್ತರಿಸಿ ಹೊಲೀಬೇಕು. ಆದ್ರೆ ಒಮ್ಮೆ ಕತ್ತರಿಸಿದ್ರೆ ಇದು ಬೇರೆ ಯಾರಿಗೂ ಆಗುದಿಲ್ಲ. ಈಗ್ಲೇ ಹೇಳಿ."

ಸಮಿತ್ ಒಂದು ಕ್ಷಣವೂ ಯೋಚಿಸಲಿಲ್ಲ. "ಕತ್ತರಿಸಿ."

ರಮಿತಾ ಮಂಡಿಯೂರಿ ಅಂಚನ್ನು ಬಿಗಿಯಾಗಿ ಎಳೆದು ಹಿಡಿದರು. ಕತ್ತರಿ ಆ ದಪ್ಪ ಬಟ್ಟೆಯೊಳಗೆ ನುಗ್ಗಿತು. ಆಂಟಿ ಎರಡೂ ಕೈ ಚಾಚಿ, ಗಲ್ಲ ಎತ್ತಿ ನಿಂತಿದ್ದರು, ಕೆಳಗೆ ನೋಡಲೂ ಇಲ್ಲ.

"ಚೆನ್ನಯಣ್ಣ, ತುಂಬಾ ಮೇಲೆ ಮಾಡ್ಬೇಡಿ," ಎಂದರು. "ನೆಲಕ್ಕೆ ಸ್ವಲ್ಪ ತಾಗ್ಲಿ. ರಾಣಿ ಅಲ್ವಾ ನಾನು?"